ಬಸಲಿಂಗವ್ವನ ಹೆಪ್ಪು

ಲಂಗದ ಲಾಡಿಯಿಂದ ಕ್ಯಾನ್ಸರ್ ಬರುತ್ತದೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಬೀಡಿಗೆ, ತಂಬಾಕಿಗೆ ಇರುವ ಗತ್ತು ಪಾಪ ಲಾಡಿಗೆ ಎಲ್ಲಿಂದ ಬರಬೇಕು? ಆದರೆ ಹರೆಯಕ್ಕೆ ಬಂದಾಗಿನಿಂದ ಮುಪ್ಪಿನವರೆಗೆ ಸೊಂಟದ ಅದೇ ಗೆರೆಯ ಮೇಲೆ ಲಾಡಿ ಬಿಗಿದು, ಅದರ ಮೇಲೆ ಸೀರೆಯ ನಿರಿಗೆ ಸಿಕ್ಕಿಸಿ, ಬೆವರಿನಲ್ಲಿ ದುಡಿಯುವ ಹೆಂಗಸರ ಚರ್ಮ ಏನಾಗುತ್ತದೆಂದು ಯಾರೂ ಕೇಳಿರಲಿಲ್ಲ. ಅದು ಮೊದಲು ಕಪ್ಪಾಗುತ್ತದೆ. ಸಿಪ್ಪೆ ಏಳುತ್ತದೆ, ಹುಣ್ಣಾಗುತ್ತದೆ, ಮಾಯುತ್ತದೆ, ಮತ್ತೆ ಹುಣ್ಣಾಗುತ್ತದೆ. ಎಲ್ಲೋ ಕೆಲವರಲ್ಲಿ ಒಂದು ದಿನ ಆ ಹುಣ್ಣು ಮಾಯದೆ ಬೆಳೆಯಲು ಶುರುಮಾಡುತ್ತದೆ.

ಆ ಒಂದು ದಿನವನ್ನು ಹಿಡಿಯುವುದೇ ಧಾರವಾಡದ ಚರ್ಮ ಸಂಶೋಧನಾ ಕೇಂದ್ರದ ಡಾ. ನೀಲಾಂಬಿಕಾ ಮೆಣಸಿನಕಾಯಿಯ ಕೆಲಸವಾಗಿತ್ತು. ಅವಳು ಕಂಡುಕೊಂಡದ್ದು ಇಷ್ಟು: ಚರ್ಮಕ್ಕೆ ಗಾಯವಾದಾಗ ಅಲ್ಲಿನ ಜೀವಕೋಶಗಳು ಒಂದು ಬಗೆಯ ರಾಸಾಯನಿಕ ಕೂಗು ಹಾಕುತ್ತವೆ. ಬೆಳೆಯಿರಿ, ಬಂದು ತುಂಬಿಕೊಳ್ಳಿ ಎಂಬ ಕೂಗು. ಗಾಯ ತುಂಬಿದ ಮೇಲೆ ಕೂಗು ನಿಲ್ಲುತ್ತದೆ, ಕೋಶಗಳೂ ಸುಮ್ಮನಾಗುತ್ತವೆ. ಆದರೆ ವರ್ಷಾನುಗಟ್ಟಲೆ ದಿನವೂ ಆ ಕೂಗು ಕೇಳಿದ ಚರ್ಮದಲ್ಲಿ ಕೆಲವು ಕೋಶಗಳು, ಕೂಗು ನಿಂತ ಮೇಲೂ ನಿಲ್ಲುವುದನ್ನು ಮರೆತುಬಿಡುತ್ತವೆ. ಅಲ್ಲಿಂದ ರೋಗ ಒಂದೊಂದೇ ಮೆಟ್ಟಿಲು ಏರುತ್ತದೆ. ಕಣ್ಣಿಗೆ ಕಾಣುವ ಗಡ್ಡೆ ಕೊನೆಯ ಮೆಟ್ಟಿಲು. ಅದಕ್ಕೂ ಮುಂಚಿನ ಮೆಟ್ಟಿಲುಗಳಲ್ಲಿ ಸಿಕ್ಕರೆ ಉಗುರಗಲದ ಚರ್ಮ ಕತ್ತರಿಸಿ ತೆಗೆದರೆ ಮುಗಿಯಿತು.

ಸಿಗುವುದೇ ಕಷ್ಟ. ಸೊಂಟದ ಹುಣ್ಣನ್ನು ಹೆಂಗಸರು ಗಂಡನಿಗೆ ಹೇಳುವುದಿಲ್ಲ, ಮಗಳಿಗೂ ಹೇಳುವುದಿಲ್ಲ. ಡಾಕ್ಟರ ಮುಂದೆ ಸೀರೆ ಸಡಿಲಿಸುವುದಂತೂ ದೂರದ ಮಾತು. ನೀಲಾಳ ನಿಜವಾದ ಜಾಣತನ ಇದ್ದದ್ದು ಇಲ್ಲಿ. ಅವಳು ಬೆರಳಗಲದ ಒಂದು ಅಂಟುಪಟ್ಟಿ ಮಾಡಿದಳು. ಹೆಂಗಸು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅದನ್ನು ತಾನೇ ಸೊಂಟಕ್ಕೆ ಅಂಟಿಸಿಕೊಳ್ಳಬಹುದು, ಮರುದಿನ ಕಿತ್ತು ಲಕೋಟೆಗೆ ಹಾಕಿ ಆಶಾ ಕಾರ್ಯಕರ್ತೆಯ ಕೈಗೆ ಕೊಡಬಹುದು. ಕೇಂದ್ರದ ಯಂತ್ರ ಅದನ್ನು ಓದಿ ಹಸಿರು ಇಲ್ಲವೆ ಕೆಂಪು ಎಂದು ಫೋನಿಗೆ ಕಳಿಸುತ್ತದೆ. ಯಾರೂ ಯಾರ ಮೈಯನ್ನೂ ನೋಡಬೇಕಾಗಿಲ್ಲ. ಸಭೆಗಳಲ್ಲಿ ಈ ಮಾತನ್ನು ಹೇಳುವಾಗ ಅವಳ ದನಿ ಸ್ವಲ್ಪ ಏರುತ್ತಿತ್ತು.

ಆದರೆ ಹಸಿರು ಎಂದರೆ ಯಾವುದಕ್ಕೆ ಹೋಲಿಸಿ ಹಸಿರು? ಅದಕ್ಕೊಂದು ಆರೋಗ್ಯವಂತ ಚರ್ಮ ಬೇಕು. ಇದೇ ಸೀಮೆಯ, ಇದೇ ವಯಸ್ಸಿನ, ಜೀವಮಾನವೆಲ್ಲ ಲಾಡಿ ಕಟ್ಟಿಯೂ ಏನೂ ಆಗದ ಒಬ್ಬ ಹೆಂಗಸಿನ ಚರ್ಮ. ಅಂಥ ಚರ್ಮದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಪ್ರತಿ ಪಟ್ಟಿಯ ಅಂಚಿಗೆ ಕೂದಲೆಳೆಯಷ್ಟು ಸವರಬೇಕು. ಯಂತ್ರ ಆ ಅಂಚನ್ನೂ ಹೆಂಗಸಿನ ಚರ್ಮವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಪ್ರಯೋಗಾಲಯದವರು ಇದನ್ನು ಹೆಪ್ಪು ಎಂದು ಕರೆಯುತ್ತಿದ್ದರು. ಒಂದು ಮನೆಯ ಹೆಪ್ಪಿನಿಂದ ಓಣಿಯ ಹಾಲೆಲ್ಲ ಮೊಸರಾಗುವ ಹಾಗೆ, ಒಬ್ಬಳ ಚರ್ಮದಿಂದ ಜಿಲ್ಲೆಯ ಪಟ್ಟಿಗಳೆಲ್ಲ ತಯಾರಾಗಬೇಕಿತ್ತು.

ಆ ಹೆಪ್ಪು ನೀಲಾಳ ಮನೆಯಿಂದಲೇ ಬಂತು.

ನೀಲಾಳ ಅತ್ತೆ ಬಸಲಿಂಗವ್ವ ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆ ಧಾರವಾಡದಲ್ಲಿದ್ದಳು. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ರೊಟ್ಟಿ, ಸಂಜೆ ಅಕ್ಕನ ಬಳಗದ ಹೆಂಗಸರ ಜೊತೆ ವಚನ. ಜ್ವರ ನೆಗಡಿ ಎಂದು ಮಲಗಿದ್ದನ್ನು ಯಾರೂ ನೋಡಿರಲಿಲ್ಲ. ಮಾದರಿಗೆ ಹೆಂಗಸರು ಸಿಗದೆ ಪರದಾಡುತ್ತಿದ್ದ ನೀಲಾ, ಕೈಗೆ ಸಿಕ್ಕ ಪರಿಚಯದವರಿಗೆಲ್ಲ ಪಟ್ಟಿ ಹಂಚಿದಳು. ಅತ್ತೆಗೂ ಒಂದು ಕೊಟ್ಟಳು. ಕೊಡುವಾಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಅಲ್ಲೇನಾದರೂ ಗಾಯ, ತುರಿಕೆ ಇದೆಯೇ ಎಂದು ಕೇಳಿದಳು. ಪಡಸಾಲೆಯಲ್ಲಿ ಬಸಲಿಂಗವ್ವನ ಮಗ, ನೀಲಾಳ ಗಂಡ ಶಿವಾನಂದ ಪೇಪರು ಓದುತ್ತ ಕುಳಿತಿದ್ದ. ಬಸಲಿಂಗವ್ವ ಹಿಟ್ಟು ನಾದುತ್ತ, ತಲೆ ಎತ್ತದೆ, ಏನಿಲ್ಲ ಬಿಡು ಎಂದಳು. ನಿಯಮದ ಪ್ರಕಾರ ಮಾದರಿ ಕೊಡುವವರ ಚರ್ಮವನ್ನು ವೈದ್ಯರು ಕಣ್ಣಾರೆ ನೋಡಬೇಕು. ಉಳಿದವರನ್ನು ನೀಲಾ ನೋಡಿದ್ದಳು. ಅತ್ತೆಗೆ ಸೀರೆ ಸರಿಸಿ ಎಂದು ಹೇಳಲು ಅವಳ ನಾಲಿಗೆ ಏಳಲಿಲ್ಲ. ಮಾದರಿಯ ಹಾಳೆಯಲ್ಲಿ ನೋಡಿದ್ದೇನೆ ಎಂದು ಗುರುತು ಹಾಕಿ ಮುಂದೆ ಹೋದಳು.

ಪಟ್ಟಿಗೆ ಅಂಟಿ ಬಂದ ಉಳಿದವರ ಕೋಶಗಳು ಗಾಜಿನ ತಟ್ಟೆಯಲ್ಲಿ ಕೆಲವು ಸಲ ಒಂದು ಎರಡಾಗಿ, ಕೆಲವು ವಾರ ಬದುಕಿ, ಸೊರಗಿ ಸತ್ತವು. ಬಸಲಿಂಗವ್ವನ ಕೋಶಗಳು ಮಾತ್ರ ತಟ್ಟೆ ತುಂಬಿ, ಇನ್ನೊಂದು ತಟ್ಟೆಗೆ ಹಾಕಿದರೆ ಅದನ್ನೂ ತುಂಬಿದವು. ಕೋಶ ಬೆಳೆಸುವ ಹೊಣೆ ಹೊತ್ತಿದ್ದ ಸಂಶೋಧಕಿ ಫರ್ಹಾನಾ ನದಾಫ್ ಕುಣಿದಾಡಿಬಿಟ್ಟಳು. ಎಪ್ಪತ್ತರ ಅಜ್ಜಿಯ ಚರ್ಮಕ್ಕೆ ಇಪ್ಪತ್ತರ ಹುರುಪು ಎಂದು ಇಬ್ಬರೂ ಪೇಢೆ ಹಂಚಿದರು. ನಿಲ್ಲುವುದನ್ನು ಮರೆತ ಕೋಶದ ಬಗ್ಗೆ ಜೀವನವಿಡೀ ಓದಿದ ನೀಲಾ, ನಿಲ್ಲದೆ ಬೆಳೆಯುವ ಕೋಶವನ್ನು ಕಣ್ಣೆದುರು ಇಟ್ಟುಕೊಂಡು ಪೇಢೆ ತಿಂದಳು. ಮನೆಯವರ ವಿಷಯಕ್ಕೆ ಬಂದರೆ ಓದಿದ್ದೆಲ್ಲ ಎಲ್ಲಿ ಹೋಗುತ್ತದೋ.

ಪಟ್ಟಿ ಹಳ್ಳಿ ಹಳ್ಳಿಗೆ ಹೋಯಿತು. ಪತ್ರಿಕೆಯೊಂದು ‘ಧಾರವಾಡದ ಅತ್ಯಂತ ಆರೋಗ್ಯವಂತ ಚರ್ಮ’ ಎಂಬ ತಲೆಬರಹದ ಕೆಳಗೆ ಬಸಲಿಂಗವ್ವನ ಫೋಟೋ ಹಾಕಿತು. ಅಕ್ಕನ ಬಳಗದಲ್ಲಿ ಅವಳಿಗೆ ಶಾಲು ಹೊದಿಸಿದರು. ನಿನ್ನನ್ನು ತುಂಡು ಮಾಡಿ ಪ್ಯಾಕೆಟ್ಟಿನಲ್ಲಿ ಹಂಚುತ್ತಿದ್ದಾರೆ ಎಂದು ಶಿವಾನಂದ ತಾಯಿಯನ್ನು ಗೇಲಿ ಮಾಡುತ್ತಿದ್ದ. ಅವಳು ನಗುತ್ತಿದ್ದಳು. ಆ ನಗೆಯಲ್ಲಿ ಏನೋ ಕಡಿಮೆಯಿತ್ತೆಂದು ಆಮೇಲೆ ಹೇಳುವುದು ಸುಲಭ. ಆಗ ಯಾರಿಗೂ ಹಾಗೆ ಅನಿಸಲಿಲ್ಲ.

ಎರಡು ವರ್ಷ ಬಹುತೇಕ ಎಲ್ಲರಿಗೂ ಹಸಿರೇ ಬಂತು. ಇಷ್ಟು ಹಸಿರು ಹೇಗೆ ಎಂದು ಒಂದು ಸಲ ಫರ್ಹಾನಾ ಕೇಳಿದ್ದಳು. ನಮ್ಮ ಹೆಂಗಸರು ಗಟ್ಟಿ ಎಂದು ನೀಲಾ ನಕ್ಕಿದ್ದಳು. ಆಮೇಲೆ ಖಾನಾವಳಿಯ ಈರವ್ವ ಬಂದಳು.

ಈರವ್ವ ಬಸ್‌ ಸ್ಟ್ಯಾಂಡಿನ ಹತ್ತಿರ ಸಣ್ಣ ಖಾನಾವಳಿ ನಡೆಸುತ್ತಿದ್ದ ವಿಧವೆ. ಮಗಳು ಅವಳನ್ನು ಹಿಡಿದುಕೊಂಡೇ ಕೇಂದ್ರದ ಒಳಗೆ ತಂದಳು. ಬಲಗಡೆ ಸೊಂಟದ ಮೇಲೆ ಹೂಕೋಸಿನಂಥ ಗಡ್ಡೆ, ತೊಡೆಯ ಸಂದಿಯಲ್ಲಿ ಗಂಟು. ಕೊನೆಯ ಮೆಟ್ಟಿಲು ದಾಟಿ ಹೊರಗೆ ಹೊರಟಿದೆ ಎಂದು ನೀಲಾಳಿಗೆ ಮುಟ್ಟಿದ ಕೂಡಲೆ ಗೊತ್ತಾಯಿತು. ಈರವ್ವ ಎರಡು ಸಲ ಪಟ್ಟಿ ಹಚ್ಚಿಕೊಂಡಿದ್ದಳು, ಎರಡು ಸಲವೂ ಹಸಿರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ನೀಲಾ, ಸ್ವಲ್ಪ ಗದರಿಸಿಯೇ, ಕೇಳಿದಳು.

“ತುರಿಸ್ತಿತ್ತು, ದೊಡ್ಡ ದವಾಖಾನಿಗಿ ಹೋಗಬೇಕಂತ ಮಾಡಿದ್ದೆ,” ಎಂದಳು ಈರವ್ವ. “ಅಷ್ಟೊತ್ತಿಗೆ ನಿಮ್ಮದು ಹಸರ ಬಂತಲ್ರಿ ಬಾಯಾರ. ಅದಕ್ಕ ಸುಮ್ನಾದೆ.”

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಸಿಟ್ಟಿನಿಂದ ಹೇಳಿದ್ದರೆ ನೀಲಾ ಏನಾದರೂ ಉತ್ತರ ಕೊಡುತ್ತಿದ್ದಳು.

ಈರವ್ವನ ಪಟ್ಟಿಯನ್ನು ಮತ್ತೆ ಓದಿಸಿದರು. ಯಂತ್ರ ಮತ್ತೆ ಹಸಿರು ತೋರಿಸಿತು. ಯಂತ್ರದ ತಪ್ಪಿಲ್ಲ. ಅದು ಕೇಳಿದ್ದಷ್ಟನ್ನೇ ಹೇಳುತ್ತಿತ್ತು: ಈ ಚರ್ಮಕ್ಕೂ ಅಂಚಿನ ಚರ್ಮಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಫರ್ಹಾನಾ ಪರದೆಯನ್ನೇ ನೋಡುತ್ತ ಕುಳಿತಳು. ನಂತರ ಮೆಲ್ಲಗೆ, ಹೆಪ್ಪನ್ನೇ ಒಂದು ಸಲ ಪರೀಕ್ಷೆಗೆ ಹಾಕೋಣವೇ ಎಂದಳು. ಬೇಡ ಎನ್ನಲು ನೀಲಾಳ ಹತ್ತಿರ ಕಾರಣವಿರಲಿಲ್ಲ.

ಹೆಪ್ಪಿನ ಕೋಶಗಳಲ್ಲಿ ಕೂಗು ಇರಲಿಲ್ಲ, ಬೆಳವಣಿಗೆ ಇತ್ತು. ಅಂದರೆ ಬಸಲಿಂಗವ್ವನ ಚರ್ಮ ಆ ಪಟ್ಟಿಯನ್ನು ಹಚ್ಚುವ ಹೊತ್ತಿಗಾಗಲೇ ರೋಗದ ಮೆಟ್ಟಿಲು ಹತ್ತಿತ್ತು. ಜಿಲ್ಲೆಯ ಹೆಂಗಸರನ್ನೆಲ್ಲ ಎರಡು ವರ್ಷ ರೋಗದ ಪಕ್ಕದಲ್ಲಿ ನಿಲ್ಲಿಸಿ, ನೀನೂ ಹೀಗೇ ಇದ್ದೀ, ಹೆದರಬೇಡ ಎಂದು ಹೇಳಿ ಕಳಿಸಿದ್ದರು. ಫರ್ಹಾನಾ ಅತ್ತಳು. ನೀಲಾಳಿಗೆ ಅಳು ಬರಲಿಲ್ಲ. ಮೈಯೆಲ್ಲ ಬಿಸಿಯಾಯಿತು, ಸಣ್ಣವಳಿದ್ದಾಗ ಕದ್ದು ಸಿಕ್ಕಿಬಿದ್ದಾಗ ಆಗುತ್ತಿದ್ದ ಹಾಗೆ. ಹಾಕಬಾರದ ಗುರುತನ್ನು ಹಾಕಿದ್ದು ತಾನೊಬ್ಬಳೇ ಎಂಬುದು ಅವಳಿಗೆ ಗೊತ್ತಿತ್ತು. ಫರ್ಹಾನಾಳಿಗೆ ಅದು ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಶಿವಾನಂದ ಕಾಲೇಜಿಗೆ ಪಾಠ ಮಾಡಲು ಹೋದ ಮೇಲೆ ನೀಲಾ ಅತ್ತೆಯ ಎದುರು ಕುಳಿತಳು. ಬಸಲಿಂಗವ್ವ ಮೆಂತ್ಯೆಸೊಪ್ಪು ಸೋಸುತ್ತಿದ್ದಳು. ನೀಲಾ ಹೇಗೋ ಮಾತು ತೆಗೆದಳು. ಸೊಪ್ಪು ಸೋಸುವ ಕೈ ನಿಂತಿತು. ಮುದುಕಿ ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ. ಗಾಯ ಬಹಳ ದಿನದ್ದು, ಅರಿಸಿನ ಎಣ್ಣೆ ಹಚ್ಚಿ ಹಳೆಯ ಅರಿವೆ ಮಡಚಿಟ್ಟು ಮೇಲೆ ಲಾಡಿ ಕಟ್ಟುತ್ತಿದ್ದೆ ಎಂದಳು.

“ಮತ್ತ ಪಟ್ಟಿ ಎಲ್ಲಿ ಹಚ್ಚಿದ್ರಿ?”

“ಅದರ ಮ್ಯಾಲ ಹಚ್ಚಿದ್ದೆ. ನೀ ಮಾಡಿದ ಪಟ್ಟಿ ಅಂದಮ್ಯಾಲ ಔಷಧ ಇರತೈತಿ ಅಂತ ತಿಳದೆ. ಯಾರಿಗೂ ಹೇಳದಂಗ ಕಡಿಮಿ ಆಕ್ಕೈತಿ ಅಂತ.”

ತನ್ನ ಪಟ್ಟಿ ಯಾರಿಗೂ ಏನೂ ಹೇಳದೆ ಕೆಲಸ ಮಾಡುತ್ತದೆಂದು ಊರೆಲ್ಲ ಸಾರಿದವಳು ಸ್ವತಃ ನೀಲಾ. ಮುದುಕಿ ಅದನ್ನು ಅಕ್ಷರಶಃ ನಂಬಿದ್ದಳು. ಪಟ್ಟಿ ಕಿತ್ತು ಲಕೋಟೆಗೆ ಹಾಕಿದ ಮೇಲೆ ಔಷಧ ಹತ್ತಲಿಲ್ಲವೆಂದು ಮತ್ತೆ ಅರಿಸಿನಕ್ಕೆ ಮರಳಿದ್ದಳು. ಶಾಲು ಹೊದಿಸಿಕೊಂಡ ದಿನವೂ ಒಳಗೆ ಅರಿವೆಯ ಮಡಿಕೆ ಇತ್ತು.

ಹುಬ್ಬಳ್ಳಿಯ ಶಸ್ತ್ರವೈದ್ಯೆಯೊಬ್ಬರು ಪರೀಕ್ಷಿಸಿ, ಗಡ್ಡೆ ಇನ್ನೂ ಚರ್ಮದಲ್ಲೇ ಇದೆ, ತಡಮಾಡದೆ ತೆಗೆದರೆ ಬದುಕುತ್ತಾರೆ ಎಂದರು. ಬಸಲಿಂಗವ್ವ ಒಂದೇ ಒಂದು ಕರಾರು ಹಾಕಿದಳು.

“ಮಂದಿಗಿ ಹೊಟ್ಟಿನೋವು ಅಂತ ಹೇಳು. ಈ ಜಾಗಾದ ಹೆಸರು ಯಾರ ಬಾಯಾಗೂ ಬರಬಾರದು. ನನ್ನ ಆಣಿ ಐತಿ ನಿನಗ.”

ನೀಲಾ ತಲೆಯಾಡಿಸಿದಳು. ಆ ಒಪ್ಪಿಗೆಯಲ್ಲಿ ಅತ್ತೆಯ ಮೇಲಿನ ಪ್ರೀತಿ ಇತ್ತು, ಇಲ್ಲವೆನ್ನಲಾಗದು. ಆದರೆ ಅತ್ತೆಯ ಸೆರಗಿನ ಮರೆಯಲ್ಲಿ ತನಗೂ ಜಾಗ ಸಿಕ್ಕಿತಲ್ಲ ಎಂಬ ನೆಮ್ಮದಿಯೂ ಇತ್ತು. ಈ ನೆಮ್ಮದಿಯ ಗುರುತು ಅವಳಿಗೆ ಆಗಲೇ ಸಿಕ್ಕಿತು, ಅಸಹ್ಯವೂ ಆಯಿತು. ಆದರೂ ಅದನ್ನು ಬಿಡಲಿಲ್ಲ.

ಹಸಿರು ಬಂದ ಹೆಂಗಸರನ್ನೆಲ್ಲ ಮತ್ತೆ ಕರೆಸಲೇಬೇಕಿತ್ತು. ಅಂಟಿನದೇನೋ ತೊಂದರೆ ಎಂದು ಹೇಳಿ ಕರೆಸು, ಬಂದ ಮೇಲೆ ಹೇಗೂ ನೋಡುತ್ತೀಯಲ್ಲ ಎಂದು ಉಪಾಯ ಕೊಟ್ಟವನು ಶಿವಾನಂದ. ಗಣಿತದ ಮೇಷ್ಟ್ರು, ಲೆಕ್ಕ ಸರಿಹೋಗುವುದಷ್ಟೇ ಅವನಿಗೆ ಮುಖ್ಯ. ನೀಲಾ ಹಾಗೆಯೇ ಮಾಡಿದಳು. ಕೆಲವು ಪಟ್ಟಿಗಳ ಅಂಟಿನಲ್ಲಿ ದೋಷ ಕಂಡುಬಂದಿದೆ, ದಯವಿಟ್ಟು ಕೇಂದ್ರಕ್ಕೆ ಬನ್ನಿ ಎಂದು ಎಲ್ಲರ ಫೋನಿಗೆ ಸಂದೇಶ ಹೋಯಿತು.

ಅಂಟಿಗಾಗಿ ಯಾರು ಕೂಲಿ ಬಿಟ್ಟು ಬಸ್‌ ಹತ್ತುತ್ತಾರೆ? ಬಂದವರು ಬೆರಳೆಣಿಕೆಯಷ್ಟು. ಅವರಲ್ಲಿ ಅರ್ಧ ಜನ ಅಂಟಿನಿಂದ ಕಡಿತವಾಗಿದೆ, ಮುಲಾಮು ಕೊಡಿ ಎಂದು ಕೇಳಲು ಬಂದವರು. ಫರ್ಹಾನಾ ಖಾಲಿ ಬೆಂಚುಗಳನ್ನು ನೋಡಿ ನೋಡಿ ಒಂದು ದಿನ ನೀಲಾಳ ಕೋಣೆಗೆ ಬಂದು ನಿಂತಳು. ನಿಜ ಹೇಳದಿದ್ದರೆ ಯಾರೂ ಬರುವುದಿಲ್ಲ ಎಂದಳು. ಅತ್ತೆಗೆ ಮಾತು ಕೊಟ್ಟಿದ್ದೇನೆ ಎಂದಳು ನೀಲಾ. ಫರ್ಹಾನಾ ಸುಮ್ಮನೆ, ನಿನ್ನೆ ಈರವ್ವನಿಗೆ ರಕ್ತ ಕೊಡಬೇಕಾಯಿತು ಎಂದು ಹೇಳಿ ಹೋದಳು.

ಬಸಲಿಂಗವ್ವನ ಶಸ್ತ್ರಚಿಕಿತ್ಸೆಯಾಗಿ ಎರಡನೆಯ ದಿನ ನೀಲಾ ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಒಪ್ಪಿಗೆ ಕೇಳಿದಳು. ನಿಮ್ಮ ಹೆಸರು ಹೇಳುವುದಿಲ್ಲ, ಹೆಪ್ಪು ಕೆಟ್ಟಿತ್ತು ಎಂದಷ್ಟೇ ಹೇಳುತ್ತೇನೆ ಎಂದಳು. ಪೇಪರಿನಲ್ಲಿ ಫೋಟೋ ಬಂದ ಮೇಲೆ ಹೆಸರು ಬೇರೆ ಹೇಳಬೇಕಾಗಿಲ್ಲ ಎಂಬುದು ಮುದುಕಿಗೆ ಗೊತ್ತಾಗದೆ ಇರಲಿಲ್ಲ. ಅವಳು ಮುಖ ಆಚೆ ತಿರುಗಿಸಿಕೊಂಡಳು. ಹೂಂ ಎನ್ನಲಿಲ್ಲ. ಎಷ್ಟು ಕೇಳಿದರೂ ಎನ್ನಲಿಲ್ಲ.

ನೀಲಾ ಒಪ್ಪಿಗೆ ಇಲ್ಲದೆಯೇ ಎದ್ದು ಹೋದಳು.

ಅವಳು ಹೋದದ್ದು ಅಕ್ಕನ ಬಳಗದ ಸಭಾಭವನಕ್ಕೆ. ಪತ್ರಿಕೆಯವರಿಗೆ ಹೇಳುವ ಮೊದಲು ಹೆಂಗಸರಿಗೆ ಹೇಳಬೇಕೆಂದು ಅವಳ ಮನಸ್ಸಿಗೆ ಬಂದಿತ್ತು. ವಚನ ಮುಗಿದ ಮೇಲೆ ಎದ್ದು ನಿಂತಳು. ಮೆಟ್ಟಿಲು, ಕೋಶ, ಕೂಗು ಎಲ್ಲವನ್ನೂ ಅಡ್ಡಾದಿಡ್ಡಿಯಾಗಿ ಹೇಳಿದಳು. ಸಭೆಗಳಲ್ಲಿ ಮಾತಾಡಿ ರೂಢಿಯಿದ್ದವಳಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಯಾರ ಚರ್ಮಕ್ಕೆ ಹೋಲಿಸಿ ನಿಮಗೆ ಹಸಿರು ಎಂದೆವೋ ಅವರಿಗೇ ರೋಗವಿತ್ತು ಎಂದಾಗ, ಹಿಂದಿನ ಸಾಲಿನಿಂದ ಒಬ್ಬಳು ಎದ್ದು, ಅಂದರೆ ನಿಮ್ಮ ಅತ್ತೆಯವರೇ ಎಂದು ಕೇಳಿದಳು.

“ಹೌದ್ರಿ,” ಎಂದಳು ನೀಲಾ. “ಎಲ್ಲಾರ ಮೈ ನೋಡೇ ತಗೋಬೇಕಂತ ನೇಮ ಐತಿ. ನಮ್ಮ ಅತ್ತಿದು ನಾ ನೋಡಲಿಲ್ಲ. ನೋಡೇನಿ ಅಂತ ಸುಳ್ಳ ಬರದೆ.”

ಯಾರೂ ಬೈಯಲಿಲ್ಲ. ಬೈಸಿಕೊಳ್ಳಲು ಸಿದ್ಧವಾಗಿ ಬಂದವಳಿಗೆ ಅದೂ ಸಿಗಲಿಲ್ಲ. ಹೆಂಗಸರು ಚಪ್ಪಲಿ ಮೆಟ್ಟಿಕೊಂಡು ಗುಸುಗುಸು ಮಾತಾಡುತ್ತ ಹೊರಟರು. ಒಬ್ಬಿಬ್ಬರು ತಮಗೇ ಗೊತ್ತಿಲ್ಲದೆ ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದರು.

ಯಾರೋ ಫೋನಿನಲ್ಲಿ ಹಿಡಿದಿದ್ದ ಆ ಮಾತು ಸಂಜೆಯೊಳಗೆ ಜಿಲ್ಲೆಯೆಲ್ಲ ಸುತ್ತಿತು. ಮರುದಿನ ಕೇಂದ್ರದ ಗೇಟಿನಿಂದ ರಸ್ತೆಯ ತಿರುವಿನವರೆಗೆ ಹೆಂಗಸರು ನಿಂತಿದ್ದರು. ಕೇಂದ್ರದವರು ಪಟ್ಟಿಗಳನ್ನೆಲ್ಲ ಸುಟ್ಟುಹಾಕಿದರು. ಪರದೆ ಕಟ್ಟಿ, ಹೆಣ್ಣು ಡಾಕ್ಟರುಗಳನ್ನು ಕೂರಿಸಿ, ಒಬ್ಬೊಬ್ಬರನ್ನೇ ಕಣ್ಣಾರೆ ನೋಡಿದರು. ಹೆಚ್ಚಿನವರಿಗೆ ಏನೂ ಇರಲಿಲ್ಲ. ಕೆಳಗಿನ ಮೆಟ್ಟಿಲುಗಳಲ್ಲಿ ಸಿಕ್ಕವರು ಬಹಳ ಜನ, ಅವರು ಬದುಕಿದರು. ಕೊನೆಯ ಮೆಟ್ಟಿಲು ದಾಟಿ ಈರವ್ವನ ಸಾಲಿಗೆ ಸೇರಿದವರು ನಾಲ್ವರು. ತನಿಖೆಗೆ ಸಮಿತಿ ಬಂತು, ನೀಲಾಳನ್ನು ಯೋಜನೆಯ ಮುಖ್ಯಸ್ಥೆಯ ಜಾಗದಿಂದ ತೆಗೆದರು. ಅವಳು ದಿನವೂ ಹೋಗಿ ಪರದೆಯ ಹಿಂದೆ ಉಳಿದ ಡಾಕ್ಟರುಗಳ ಜೊತೆ ಕುಳಿತು ಹೆಂಗಸರ ಸೊಂಟ ನೋಡಿದಳು.

ಮನೆಯಲ್ಲಿ ಬಸಲಿಂಗವ್ವ ಅವಳೊಡನೆ ಮಾತು ಬಿಟ್ಟಿದ್ದಳು. ಬೇಕಾದ್ದನ್ನು ಮಗನ ಮೂಲಕ ಹೇಳಿಸುತ್ತಿದ್ದಳು. ಬಳಗದವರು ಹಣ್ಣು ಹಿಡಿದು ನೋಡಲು ಬಂದರೆ ಕೋಣೆಯಿಂದ ಹೊರಗೆ ಬರಲಿಲ್ಲ. ಬಂದವರು ಪಡಸಾಲೆಯಲ್ಲಿ ಚಹಾ ಕುಡಿದು, ನೀಲಾಳ ಮುಖ ನೋಡಲಾಗದೆ, ಎದ್ದು ಹೋದರು. ಗಾಯಕ್ಕೆ ಪಟ್ಟಿ ಕಟ್ಟಲು ಒಬ್ಬ ನರ್ಸ್ ದಿನವೂ ಬರುತ್ತಿದ್ದಳು. ಅವಳು ಬಂದಾಗ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನೀಲಾ ಹೊರಗೆ ಬಿಸಿನೀರು ಇಟ್ಟು ನಿಲ್ಲುತ್ತಿದ್ದಳು. ಊರ ಹೆಂಗಸರೆಲ್ಲ ತೋರಿಸಿದರು, ಮನೆಯವಳು ಮಾತ್ರ ತೋರಿಸಲಿಲ್ಲ. ಕೇಳುವ ಹಕ್ಕು ತನಗಿಲ್ಲವೆಂದು ನೀಲಾಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ನರ್ಸ್ ಬರಲಿಲ್ಲ. ಮಗುವಿಗೆ ಜ್ವರವೆಂದು ಫೋನು ಮಾಡಿದಳು. ಶಿವಾನಂದ ಕಾಲೇಜಿಗೆ ಹೋಗಿದ್ದ. ನೀಲಾ ಬಾಗಿಲ ಹತ್ತಿರ ನಿಂತು, ಬೇರೆ ಯಾರನ್ನಾದರೂ ಕರೆಸಲೇ ಎಂದು ಕೇಳಿದಳು. ಒಳಗಿನಿಂದ ಬಾ ಎಂದ ಸದ್ದು ಕೇಳಿಸಿತು.

ಬಸಲಿಂಗವ್ವ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ನೀಲಾ ಟ್ರೇ ಇಟ್ಟು, ಕೈ ತೊಳೆದು, ಹಿಂದಿನಿಂದ ಹಳೆಯ ಪಟ್ಟಿಯ ತುದಿ ಹುಡುಕಿದಳು. ಅತ್ತೆಗೆ ಸಂಕೋಚವಾಗದಿರಲೆಂದು ಕಣ್ಣನ್ನು ಎದುರಿನ ಗೋಡೆಯ ಮೇಲಿಟ್ಟು ಬರಿ ಕೈಯಂದಾಜಿನಲ್ಲಿ ಬಿಚ್ಚತೊಡಗಿದಳು. ಅವಳ ಬೆರಳು ಎಲ್ಲೋ ತಾಗಿ ಮುದುಕಿ ಸಣ್ಣಗೆ ನರಳಿದಳು.

“ಗ್ವಾಡಿ ನೋಡಿಕೋತ ಕಟ್ಟತೀ ಏನು?” ಎಂದಳು ಬಸಲಿಂಗವ್ವ. ವಾರಗಳ ನಂತರ ಅವಳು ಸೊಸೆಗೆ ನೇರವಾಗಿ ಆಡಿದ ಮಾತು ಅದು. ಆಮೇಲೆ, ತಿರುಗದೆಯೇ, ಹೇಳಿದಳು: “ನಾ ನಾಚಿಕಿಗೆ ಇಲ್ಲ ಅಂದೆ. ನೀ ಡಾಕ್ಟರ ಇದ್ದಿ. ನೀ ಯಾಕ ನಂಬಿದಿ?”

ನೀಲಾಳಿಗೆ ಹೇಳಲು ಬೇಕಾದಷ್ಟಿತ್ತು. ಸಮಿತಿಯ ಮುಂದೆ ಅದನ್ನೆಲ್ಲ ಹೇಳಿಯೂ ಆಗಿತ್ತು.

“ನನಗೂ ನಾಚಿಕಿ ಆತ್ರಿ ಅತ್ತಿ,” ಎಂದಳು.

ಬಸಲಿಂಗವ್ವ ಕಿಟಕಿಯ ಸರಳು ಹಿಡಿದುಕೊಂಡು, ಇನ್ನೊಂದು ಕೈಯಿಂದ ಸೀರೆಯನ್ನು ತಾನೇ ಇನ್ನಷ್ಟು ಕೆಳಗೆ ಸರಿಸಿ, ಬೆಳಕು ಬೀಳುವ ಹಾಗೆ ಪಕ್ಕಕ್ಕೆ ತಿರುಗಿ ನಿಂತಳು. ನೀಲಾ ಮಂಡಿಯೂರಿ ಕುಳಿತು ನೋಡಿದಳು.